ಇಲಿಗೆ ಪರದೆ ಕಟ್ಟುವ ಕೆಲಸ

ಧಾರವಾಡದ ಒಂದು ಲ್ಯಾಬಿನಲ್ಲಿ ನನ್ನದು ಉಪಕರಣ ನೋಡಿಕೊಳ್ಳುವ ಕೆಲಸ. ಇಲಿಗಳ ದೃಷ್ಟಿ ಬಗ್ಗೆ ಸಂಶೋಧನೆ ಮಾಡುವವರಿಗೆ ವಿಆರ್ ಸೆಟಪ್, ಅಂದರೆ ಪರದೆಯ ಮೇಲೆ ಹುಸಿ ಜಗತ್ತು ತೋರಿಸುವ ವ್ಯವಸ್ಥೆ ಕಟ್ಟಿಕೊಡುತ್ತೇನೆ. ಇಲಿಗೂ ವಿಡಿಯೋ ಗೇಮಾ ಅಂತ ಜನ ನಗ್ತಾರೆ. ಹೆಚ್ಚುಕಮ್ಮಿ ಅದೇ. ಇಲಿಯ ತಲೆ ಅಲ್ಲಾಡದ ಹಾಗೆ ಹಿಡಿದಿರುತ್ತೇವೆ, ಕಾಲಡಿಯಲ್ಲಿ ಗಾಳಿಯ ಮೇಲೆ ತೇಲುವ ಥರ್ಮಾಕೋಲ್ ಚೆಂಡು. ಇಲಿ ಓಡಿದರೆ ಚೆಂಡು ತಿರುಗುತ್ತದೆ, ಅದನ್ನು ಕಂಪ್ಯೂಟರ್ ಮೌಸಿನಲ್ಲಿರುವಂಥದೇ ಸೆನ್ಸರ್ ಓದುತ್ತದೆ, ಅದಕ್ಕೆ ತಕ್ಕಂತೆ ಪರದೆಯ ಮೇಲಿನ ದಾರಿ ಸರಿಯುತ್ತದೆ. ತಲೆ ಕದಲದ ಕಾರಣ, ಓಡುತ್ತಿರುವಾಗಲೇ ಮೈಕ್ರೋಸ್ಕೋಪಿನಲ್ಲಿ ಮಿದುಳು ನೋಡಬಹುದು.

ಪರದೆ ತರಲು ಹುಬ್ಬಳ್ಳಿಗೆ ಹೋದರೆ ಅಂಗಡಿಯವರದು ಒಂದೇ ಮಾತು. "ಫೋರ್‌ಕೆ ತಗೋರಿ ಸರ, ಚಿತ್ರ ಮಸ್ತ್ ಕಾಣತೈತಿ." ಫೋರ್‌ಕೆ ಅಂದರೆ ತುಂಬಾ ಸಣ್ಣ ಚುಕ್ಕೆಗಳ ಸ್ಪಷ್ಟ ಪರದೆ. ಕಾಣೋದು ಯಾರಿಗೆ? ಇಲಿಯ ಕಣ್ಣಿಗೆ ಒಂದು ಡಿಗ್ರಿಗಿಂತ ಸಣ್ಣ ಪಟ್ಟೆ ಬೇರೆಯಾಗಿ ಕಾಣುವುದೇ ಇಲ್ಲ. 20 ಸೆಂಟಿಮೀಟರ್ ದೂರದಲ್ಲಿ ಪರದೆ ಇಟ್ಟರೆ, ಸುಮಾರು ಮೂರೂವರೆ ಮಿಲಿಮೀಟರ್‌ಗಿಂತ ತೆಳುವಾದ ಕಪ್ಪು ಬಿಳಿ ಗೆರೆಗಳೆಲ್ಲ ಸೇರಿ ಬೂದು ಬಣ್ಣ ಆಗ್ತವೆ. ಫೋರ್‌ಕೆಗೆ ಹಾಕುವ ದುಡ್ಡನ್ನು ಅಗಲಕ್ಕೆ ಹಾಕಿ. ಇಲಿಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ, ಮುಂದೆ ಮಾತ್ರ ಪರದೆ ಇದ್ದರೆ ಅದರ ಮುಕ್ಕಾಲು ಜಗತ್ತು ನಮ್ಮ ಲ್ಯಾಬಿನ ಗೋಡೆಯೇ.

ಚಪ್ಪಟೆ ಮಾನಿಟರ್ ಹಾಕಿದರೆ ಇನ್ನೊಂದು ತೊಂದರೆ. 24 ಇಂಚಿನ ಮಾನಿಟರ್ ಅಷ್ಟು ಹತ್ತಿರ ಇದ್ದಾಗ ಅಂಚಿನಲ್ಲಿರುವ ಪಟ್ಟೆ, ನಡುವಿನ ಪಟ್ಟೆಗಿಂತ ಮೂರನೇ ಒಂದು ಭಾಗದಷ್ಟೇ ಅಗಲ ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಮೊದಲೇ ಬಗ್ಗಿಸಿ ಕಳಿಸಬೇಕು. ನಮಗೆ ಆ ಚಿತ್ರ ಸೊಟ್ಟಗೆ ಕಾಣುತ್ತೆ, ಕಾಣಲಿ ಬಿಡಿ.

ಬಣ್ಣದ್ದಂತೂ ದೊಡ್ಡ ಕಥೆ. ಕೆಂಪು ಇಲಿಗೆ ಹೆಚ್ಚುಕಮ್ಮಿ ಕತ್ತಲೆ, ಅದಕ್ಕೇ ಕೋಣೆಯಲ್ಲಿ ನಾವು ಕೆಂಪು ದೀಪ ಹಾಕಿಕೊಂಡು ಓಡಾಡುವುದು. ಬಣ್ಣ ಗುರುತಿಸುವ ಅದರ ಕಣ್ಣಿನ ಕೋಶಗಳು ಹಿಡಿಯುವುದು ಎರಡನ್ನು: 510 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ಹಸಿರು, 360ರ ಆಸುಪಾಸಿನ ಅತಿನೇರಳೆ, ನಮ್ಮ ಬಾಯಲ್ಲಿ ಯುವಿ. ಮಾನಿಟರಿನ ನೀಲಿ ಸುಮಾರು 450, ಎರಡಕ್ಕೂ ಸರಿಯಾಗಿ ತಾಗುವುದಿಲ್ಲ. ಅದರಲ್ಲೂ ಕಣ್ಣಿನಲ್ಲಿ ಆಕಾಶದ ಕಡೆ ನೋಡುವ ಭಾಗ ನಂಬಿರುವುದು ಯುವಿಯನ್ನೇ. ಹದ್ದು ಬರೋದು ಮೇಲಿಂದಲೇ ಅಲ್ವಾ! ಹಾಗಾಗಿ ಬಟ್ಟೆಯ ಪರದೆಗೆ ಚಿತ್ರ ಬಿಡುವ ಪ್ರೊಜೆಕ್ಟರಿನ ನೀಲಿ ಎಲ್‌ಇಡಿ ಬಿಚ್ಚಿ ಯುವಿ ಎಲ್‌ಇಡಿ ಕೂರಿಸುವ ಪದ್ಧತಿ ಇದೆ. ಆಗ ಪರದೆಯ ಬಟ್ಟೆಯನ್ನೂ ಪರೀಕ್ಷಿಸಿ. ಅಂಗಡಿಯ ಬೆಳ್ಳನೆಯ ಬಟ್ಟೆಗೆ ಹೊಳಪಿನ ಪುಡಿ ಸೇರಿಸಿರುತ್ತಾರೆ, ಅದು ಯುವಿಯನ್ನು ನುಂಗಿ ನೀಲಿಯಾಗಿ ಹೊಳೆಯುತ್ತದೆ. ನಮಗೆ ಚಂದ, ಇಲಿಗೆ ದಂಡ. ಯುವಿ ಹಿಡಿಯುವ ಮೀಟರನ್ನು ಇಲಿಯ ಕಣ್ಣಿರುವ ಜಾಗದಲ್ಲೇ ಇಟ್ಟು ಅಳೆಯಿರಿ, ನಿಮ್ಮ ಕುರ್ಚಿಯಿಂದಲ್ಲ.

ಚಿತ್ರ ಪರದೆಗೆ ಬಂದ ಸಮಯದ ವಿಷಯದಲ್ಲಿ ಕಂಪ್ಯೂಟರ್ ಹೇಳಿದ್ದನ್ನು ನಂಬಬೇಡಿ. ಪರದೆಯ ಮೂಲೆಯಲ್ಲಿ ಸಣ್ಣ ಚೌಕ ಮಿನುಗಿಸಿ, ಅದಕ್ಕೊಂದು ಫೋಟೋಡಯೋಡ್ (ಬೆಳಕು ಬಿದ್ದದ್ದನ್ನು ಗುರುತಿಸುವ ಬಿಡಿಭಾಗ) ಅಂಟಿಸಿದರೆ ಚಿತ್ರ ನಿಜಕ್ಕೂ ಯಾವಾಗ ಬಂತು ಗೊತ್ತಾಗುತ್ತದೆ. ಪರದೆಯ ಬೆಳಕು ಮೈಕ್ರೋಸ್ಕೋಪಿಗೆ ನುಗ್ಗದಂತೆ ಕಪ್ಪು ಶಂಕುವಿನ ಮರೆಯೂ ಬೇಕು.

ಈಗೀಗ ಹೊಸ ಹುಡುಗರು ಕೇಳುವುದು, ಇಲಿಗೇ ಕನ್ನಡಕ ಹಾಕಿಬಿಟ್ಟರೆ ಆಗಲ್ವಾ ಸರ್ ಅಂತ. ಆಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2024ರಲ್ಲಿ ಸ್ಮಾರ್ಟ್‌ವಾಚ್‌ನ ಪುಟ್ಟ ಪರದೆ, ಲೆನ್ಸ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸೇರಿಸಿ ಅಂಥದ್ದು ಮಾಡಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು ಅವರ ಪರೀಕ್ಷೆ. ಮೇಲಿಂದ ಎರಗುವ ಹದ್ದಿನಂತೆ ಒಂದು ಕಪ್ಪು ವೃತ್ತ ದೊಡ್ಡದಾಗುತ್ತಾ ಬರುತ್ತದೆ. ದೊಡ್ಡ ಪರದೆಯ ಮೇಲೆ ತೋರಿಸಿದಾಗ ಇಲಿಗಳು ಸುಮ್ನೆ ಇದ್ದವು, ಕನ್ನಡಕದಲ್ಲಿ ತೋರಿಸಿದಾಗ ಬೆಚ್ಚಿಬಿದ್ದವು. ನಮ್ಮ ಸೆಟಪ್‌ಗೂ ಈ ವೃತ್ತ ಹಾಕಿ ನೋಡೋಣ ಅಂತ ಹುಡುಗರಿಗೆ ಹೇಳಿದ್ದೇನೆ. ಅದಕ್ಕೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬರಬೇಕು, ಅರ್ಜಿ ಬರೆಯುತ್ತಿದ್ದೇವೆ.