ಇಂಜಿನ್ ಬದಲಾಯಿಸಿದ ಮೇಲೆ ಮೊದಲು ಬ್ರೇಕಿನ ವ್ಯಾಕ್ಯೂಮ್ ಪೈಪ್ ನೋಡಿ

ನಮ್ಮ ಬೊಲೆರೊ ಪಿಕಪ್‌ಗೆ ಬೇರೆ ಇಂಜಿನ್ ಕೂರಿಸಿದೆವು. ಒಂದೇ ಕಂಪನಿಯ ಡೀಸೆಲ್ ಇಂಜಿನ್, ಸ್ಟಾರ್ಟೂ ಆಯಿತು. ಉಳಿದದ್ದು ಆ ಸಣ್ಣ ಕರಿ ರಬ್ಬರ್ ಪೈಪ್‌ಗಳು. ಗ್ಯಾರೇಜಿನಲ್ಲಿ ಇವನ್ನು ಕೊನೆಗೆ ಬಿಡುತ್ತಾರೆ, ಯಾವ ಮೂತಿಗೆ ಯಾವುದು ಹಿಡಿಯುತ್ತದೋ ಅದಕ್ಕೆ ತುರುಕುತ್ತಾರೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಅದರಲ್ಲೊಂದು ಪೈಪ್ ಬ್ರೇಕ್ ಬೂಸ್ಟರಿಗೆ, ಅಂದರೆ ವ್ಯಾಕ್ಯೂಮಿನ (ಗಾಳಿ ಎಳೆದು ತೆಗೆದ ಜಾಗದ) ಬಲದಿಂದ ಪೆಡಲ್ ಹಗುರ ಮಾಡುವ ಡಬ್ಬಿಗೆ ಹೋಗುತ್ತದೆ, ಮತ್ತು ನಾವು ಗಂಗಾವತಿಯಿಂದ ಕಂಪ್ಲಿ ಮೇಲೆ ಬಳ್ಳಾರಿಗೆ ಅಕ್ಕಿ ಚೀಲ ತುಂಬಿಕೊಂಡು ಹೋಗುವವರು.

ಪೆಟ್ರೋಲ್ ಗಾಡಿಯಲ್ಲಿ ಗಾಳಿ ತಡೆಯುವ ಥ್ರಾಟಲ್ ಮುಚ್ಚಿದಾಗ, ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲೇ ವ್ಯಾಕ್ಯೂಮ್ ಸಿಗುತ್ತದೆ. ಇಂಥ ಡೀಸೆಲ್ಲಿನಲ್ಲಿ ಹಾಗೆ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಡೈನಮೋ ಬೆನ್ನಿಗೇ ಕೂತಿರುತ್ತದೆ. ಹಾಗಾಗಿ ಪಂಪಿನಿಂದಲೇ ಶುರು ಮಾಡಿ. ಅದಕ್ಕೆ ಇಂಜಿನ್ ಆಯಿಲ್ ಬರುವ ದಾರಿ, ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ವಾಪಸ್ ಹೋಗುವ ದಪ್ಪ ಪೈಪ್, ಎರಡೂ ಸರಿ ಇರಬೇಕು. ಆಯಿಲ್ ಬರದಿದ್ದರೆ ಪಂಪ್ ಸವೆದು ಹೋಗುತ್ತದೆ.

ಆಮೇಲೆ ಬೂಸ್ಟರ್ ಪೈಪ್. ಇದರಲ್ಲಿ ಒಂದು ವಾಲ್ವ್ ಇರುತ್ತದೆ, ಗಾಳಿ ಬೂಸ್ಟರಿನಿಂದ ಪಂಪಿನ ಕಡೆಗೆ ಮಾತ್ರ ಹೋಗಬೇಕು. ಬಾಯಿಂದ ಊದಿ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ತಿರುಗಾಮುರುಗಾ ಹಾಕಿದರೆ ಬೂಸ್ಟರಿಗೆ ವ್ಯಾಕ್ಯೂಮೇ ಸೇರುವುದಿಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಪೈಪಿನೊಳಗೆ ಆಯಿಲ್ ಕಂಡರೆ ಒರೆಸಿ ಸುಮ್ಮನಾಗಬೇಡಿ, ಅದು ಬೂಸ್ಟರಿನ ರಬ್ಬರ್ ಡಯಾಫ್ರಮ್ಮನ್ನು ಕೆಡಿಸುತ್ತದೆ. ಇನ್ನೊಂದು, ಕೈಗೆ ಸಿಕ್ಕಿದ ಡೀಸೆಲ್ ಪೈಪನ್ನು ಇಲ್ಲಿ ಹಾಕಬೇಡಿ. ನಮ್ಮ ಕಡೆಯ ಮೇ ಬಿಸಿಲಿಗೆ, ಬಾನೆಟ್ ಒಳಗಿನ ಕಾವಿಗೆ ಅದು ಮೆತ್ತಗಾಗಿ, ಎಳೆತಕ್ಕೆ ಒಳಗೇ ಚಪ್ಪಟೆಯಾಗುತ್ತದೆ. ಹೊರಗಿಂದ ನೋಡಿದರೆ ಎಲ್ಲಾ ಸರಿ ಇದ್ದಂತೆಯೇ ಕಾಣುತ್ತದೆ!

ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ಗ್ಯಾರೇಜ್ ಬಿಟ್ಟು ಹೊರಡಬಾರದು, ಯಾರು ಎಷ್ಟೇ ಅವಸರ ಮಾಡಲಿ.

ಬ್ರೇಕ್ ಆದ ಮೇಲೇ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು), ಇ.ಜಿ.ಆರ್. (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸುವುದು) ಪೈಪ್‌ಗಳು. ಇಲ್ಲಿ ಗಲಿಬಿಲಿ ಜಾಸ್ತಿ, ಯಾಕಂದ್ರೆ ಕೆಲವು ಇಂಜಿನ್‌ಗಳಲ್ಲಿ ಟರ್ಬೊ ಗಾಳಿಯನ್ನು ಹದ್ದುಬಸ್ತಿನಲ್ಲಿಡುವ ಆಕ್ಚುಯೇಟರ್ ವ್ಯಾಕ್ಯೂಮಿಗೆ ಓಡುತ್ತದೆ, ಕೆಲವದರಲ್ಲಿ ಟರ್ಬೊದಿಂದಲೇ ಬರುವ ಗಾಳಿಯ ಒತ್ತಡಕ್ಕೆ. ಪೈಪ್ ನೋಡಲು ಎರಡೂ ಒಂದೇ. ಹಳೆ ಇಂಜಿನ್ನಿನ ಫೋಟೋ ನೋಡಿ ಜೋಡಿಸುವುದು ಸಾಲದು, ಈಗ ಕೂತಿರುವ ಇಂಜಿನ್ನಿನ ಒಂದೊಂದು ಪೈಪನ್ನೂ ಕೈಯಲ್ಲಿ ಹಿಡಿದು ಕೊನೆವರೆಗೂ ಹೋಗಬೇಕು. ವ್ಯಾಕ್ಯೂಮ್ ಸೋಲೆನಾಯ್ಡಿಗೆ (ಕರೆಂಟಿನಿಂದ ಓಡುವ ವಾಲ್ವ್) ಪಂಪಿನಿಂದ ಒಂದು ಬಾಯಿ, ಆಕ್ಚುಯೇಟರಿಗೆ ಒಂದು, ಹೊರಗಾಳಿಗೆ ಒಂದು. ಇ.ಜಿ.ಆರ್. ವಾಲ್ವಿಗೆ ಪಂಪಿನಿಂದ ನೇರ ಪೈಪ್ ಕೊಟ್ಟರೆ ಅದು ಸದಾ ತೆರೆದೇ ಇರುತ್ತದೆ. ಕರಿ ಹೊಗೆ, ಪಿಕಪ್ ಇಲ್ಲ. ಆಗ ಇಂಜಿನ್ನೇ ಕೆಟ್ಟಿದೆ ಅಂತ ಜನ ಡೀಸೆಲ್ ಪಂಪು, ನಾಜಲ್ ಎಲ್ಲಾ ಬಿಚ್ಚಿಸುತ್ತಾರೆ, ಸುಮ್ನೆ ದುಡ್ಡು ದಂಡ. ಹೊರಗಾಳಿಯ ಬಾಯಿಗೆ ಸಣ್ಣ ಫಿಲ್ಟರ್ ಇದ್ದರೆ ಅದನ್ನೂ ನೋಡಿ. ತೋರಣಗಲ್ಲು, ಸಂಡೂರು ಕಡೆ ಓಡಿದ ಇಂಜಿನ್ ಆದರೆ ಅದರಲ್ಲಿ ಅದಿರಿನ ಕೆಂಪು ಧೂಳು ಮೆತ್ತಿರುತ್ತದೆ.

ಇಂಜಿನ್ ನಂಬರ್ ಬದಲಾದದ್ದನ್ನು ಆರ್.ಟಿ.ಒ.ದಲ್ಲಿ ಆರ್.ಸಿ.ಗೆ ಸೇರಿಸಲೇಬೇಕು, ಅದನ್ನು ಮುಂದೂಡಬೇಡಿ. ಲೋಡ್ ಹಾಕಿ ಒಂದಷ್ಟು ದಿನ ಓಡಿಸಿದ ಮೇಲೆ ಬಾನೆಟ್ ಎತ್ತಿ ಕ್ಲಿಪ್‌ಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ, ಹೊಸ ರಬ್ಬರ್ ಕಾವಿಗೆ ಕೂತ ಮೇಲೆ ಹಿಡಿತ ಸಡಿಲವಾಗುತ್ತದೆ.