ಪ್ಲೇಗ್ ಬಂದಾಗ ಯುರೋಪಿನ ಜನ ದೇವರನ್ನು ಬಿಟ್ಟರಾ?

ಮಧ್ಯಯುಗದ ಪ್ಲೇಗಿನ ಮಾತು ತೆಗೆದಾಗೆಲ್ಲ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಷ್ಟೊಂದು ಜನ ಸತ್ತರಲ್ಲ, ಉಳಿದವರಿಗೆ ದೇವರ ಮೇಲಿನ ನಂಬಿಕೆ ಹೋಗಲಿಲ್ವಾ?"

ಹೋಗಲಿಲ್ಲ. ಭಕ್ತಿ ಜಾಸ್ತಿಯೇ ಆಯಿತು. ಅಲುಗಾಡಿದ್ದು ಪಾದ್ರಿಗಳ ಮೇಲಿನ ಭರವಸೆ.

1347ರ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸೀನಾ ಬಂದರಿಗೆ ಹಡಗುಗಳ ಜೊತೆ ಬಂದ ಈ ರೋಗ, ನಾಲ್ಕೈದು ವರ್ಷದಲ್ಲಿ ಯುರೋಪಿನ ಮೂರರಲ್ಲಿ ಒಂದು ಪಾಲು, ಬಹುಶಃ ಇನ್ನೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡಿತು. ಇಟಲಿಯ ಸಿಯೆನಾದಲ್ಲಿ ಅಗ್ನೋಲೊ ದಿ ತೂರಾ ಎಂಬಾತ ತನ್ನ ಐದು ಮಕ್ಕಳನ್ನು ಕೈಯಾರೆ ಹೂತೆ ಎಂದು ಬರೆದಿಟ್ಟಿದ್ದಾನೆ. ಪಾದ್ರಿಯಿಲ್ಲ, ಪ್ರಾರ್ಥನೆಯಿಲ್ಲ, ಸುಮ್ನೆ ಗುಂಡಿಗೆ ತಂದು ಹಾಕುತ್ತಿದ್ದರಂತೆ.

ಆಗಿನ ಕ್ರೈಸ್ತರಿಗೆ ಸಾವಿಗಿಂತ ದೊಡ್ಡ ಭಯ ಪಾಪ ಹೇಳಿಕೊಳ್ಳದೆ ಸಾಯುವುದು. ಕೊನೆಗಳಿಗೆಯಲ್ಲಿ ಪಾದ್ರಿ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು. ಹಾಗೆ ಹೋಗಿ ಕೂತವರಿಗೆ ರೋಗ ಅಂಟಿತು, ಅವರೂ ಸತ್ತರು. ಕೆಲವರು ಹೆದರಿ ಹೋಗಲೇ ಇಲ್ಲ. ಕೊನೆಗೆ 1349ರ ಜನವರಿಯಲ್ಲಿ ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್‌ನ ಬಿಷಪ್ ಒಂದು ಪತ್ರ ಹೊರಡಿಸಿದರು: ಪಾದ್ರಿ ಸಿಗದಿದ್ದರೆ ಯಾರಾದರೂ ಸಾಮಾನ್ಯ ಮನುಷ್ಯನ ಮುಂದೆ ಪಾಪ ಹೇಳಿಕೊಳ್ಳಿ, ಗಂಡಸರು ಇಲ್ಲದಿದ್ದರೆ ಹೆಂಗಸಿನ ಮುಂದೆಯಾದರೂ ಆದೀತು. ನೂರಾರು ವರ್ಷ ಪಾದ್ರಿಗಳ ಕೈಯಲ್ಲೇ ಇದ್ದ ಕೆಲಸ, ಹಾಸಿಗೆ ಪಕ್ಕದಲ್ಲಿ ನೀರು ಹಿಡಿದು ನಿಂತ ಹೆಂಡತಿಯ ಕೈಗೂ ಬರಬಹುದು ಅಂತಾಯಿತು. ಈ ಪತ್ರ ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಜರ್ಮನಿ ಕಡೆ ಜನ ಪಾದ್ರಿಗಳನ್ನು ಕಾಯಲೇ ಇಲ್ಲ. ಪಾಪಕ್ಕೆ ತಾವೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇವೆಂದು ಗುಂಪು ಕಟ್ಟಿಕೊಂಡು, ಬರಿಮೈಗೆ ಚಾವಟಿಯಲ್ಲಿ ಹೊಡೆದುಕೊಳ್ಳುತ್ತಾ ಊರೂರು ತಿರುಗಿದರು, ಮೂವತ್ತಮೂರೂವರೆ ದಿನದ ವ್ರತ ಅದು. ಪೋಪ್ 1349ರ ಅಕ್ಟೋಬರಿನಲ್ಲಿ ಅದನ್ನು ನಿಷೇಧಿಸಿದರು.

ಆದರೆ ನಂಬಿಕೆ ಉಳಿಯಿತು ಅಂದಾಕ್ಷಣ ಒಳ್ಳೆಯದೇ ಆಯಿತು ಅಂದುಕೊಳ್ಳಬೇಡಿ. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಇದು ಸುಳ್ಳು, ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಯಾರು ಕೇಳಬೇಕು? 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಜೀವಂತ ಸುಟ್ಟರು. ಆ ಊರಿಗೆ ಪ್ಲೇಗ್ ಇನ್ನೂ ಕಾಲಿಟ್ಟೇ ಇರಲಿಲ್ಲ. ಸುಟ್ಟ ಮೇಲೆ, ಅವರ ಹತ್ತಿರ ಊರಿನವರು ಮಾಡಿದ್ದ ಸಾಲವನ್ನೆಲ್ಲ ವಜಾ ಮಾಡಿದರು, ಅವರ ಹಣವನ್ನು ಹಂಚಿಕೊಂಡರು.