ಕಪಾಟಿಗೆ ಹೋಗುವ ಮೊದಲು ಒಂದು ಹೆಸರುಪಟ್ಟಿ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು, ಪದವಿಯ ಕೊನೆಯ ವರ್ಷದವರು ಕಿರುಪ್ರಬಂಧಕ್ಕೆ ಕೈಹಾಕುವ ಮುನ್ನ ಅವರನ್ನು ಎರಡು ಮಧ್ಯಾಹ್ನ ಗ್ರಂಥಾಲಯದಲ್ಲಿಯೇ ಕೂರಿಸಿಕೊಂಡು ಪಾಠ ಮಾಡುತ್ತೇನೆ. ಈ ಸಲ ಎಣ್ಮಕಜೆ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ತನ್ನ ಮನೆಯ ಅಡಿಕೆ ತೋಟಕ್ಕೆ ನೀರುಣಿಸುವ ಸುರಂಗದ ಬಗ್ಗೆ ಬರೆಯುತ್ತೇನೆಂದಳು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ಇಳಿಜಾರಿನಿಂದಲೇ ಹೊರಗಿನ ಕೆರೆಗೆ ತರುವ ಈ ವ್ಯವಸ್ಥೆ ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಇಂದಿಗೂ ಇದೆ. ವಿಷಯ ನನಗೆ ತುಂಬ ಹಿಡಿಸಿತು. ಆದರೆ ಅರ್ಧ ಗಂಟೆಯಲ್ಲಿ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದು, "ಟೀಚರ್, ಕಂಪ್ಯೂಟರಿನಲ್ಲಿ ಸುರಂಗ ಅಂತ ಹಾಕಿದರೆ ಏನೂ ಬರುವುದಿಲ್ಲ. ಇದರ ಬಗ್ಗೆ ಯಾರೂ ಬರೆದಿಲ್ಲ" ಎಂದಳು.

ಯಾರೂ ಬರೆದಿಲ್ಲ ಎಂಬ ಮಾತನ್ನು ಪ್ರತಿವರ್ಷ ಕೇಳುತ್ತೇನೆ, ಮತ್ತು ಅಷ್ಟು ಬೇಗ ಒಪ್ಪುವುದಿಲ್ಲ. ಗ್ರಂಥಾಲಯದ ಸೂಚಿಗೆ ಪುಸ್ತಕದ ಶೀರ್ಷಿಕೆ, ಲೇಖಕರ ಹೆಸರು ಮತ್ತು ಸೂಚಿ ತಯಾರಿಸಿದವರು ಕೊಟ್ಟ ವಿಷಯದ ಹೆಸರು ಇಷ್ಟೇ ಗೊತ್ತಿರುತ್ತದೆ. ಒಳಗಿನ ಏಳನೆಯ ಅಧ್ಯಾಯದಲ್ಲಿ ಏನಿದೆಯೆಂದು ಅದು ಹೇಳಲಾರದು. ಆದ್ದರಿಂದ ಹುಡುಕುವುದನ್ನು ನಿಲ್ಲಿಸಿ ಒಂದು ಹಾಳೆ ತೆಗೆದುಕೊಳ್ಳಲು ಹೇಳಿದೆ. ಸುರಂಗ, ಸುರಂಗ ಬಾವಿ, ಮಲಯಾಳದ ತುರಂಕಂ, ಇಂಗ್ಲಿಷ್ ಬರಹಗಳ ಟನಲ್ ವೆಲ್, ಇದೇ ಬಗೆಯ ನೀರಿನ ದಾರಿಗೆ ಪರ್ಷಿಯಾದವರು ಹೇಳುವ ಕನಾತ್ ಎಂದು ಬರೆದುಕೊಂಡೆವು. ಆಮೇಲೆ ಇವೆಲ್ಲವನ್ನೂ ಒಳಗೊಳ್ಳುವ ದೊಡ್ಡ ಹೆಸರುಗಳು: ಅಂತರ್ಜಲ, ನೀರಾವರಿ, ನೀರು ಪೂರೈಕೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಲು ನಮ್ಮಲ್ಲಿ ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಅಂತರ್ಜಲಕ್ಕೆ 551.49, ನೀರು ಪೂರೈಕೆಗೆ 628.1. ಒಂದು ಭೂವಿಜ್ಞಾನದ ಕಪಾಟು, ಇನ್ನೊಂದು ಎಂಜಿನಿಯರಿಂಗಿನ ಕಪಾಟು, ಕನ್ನಡ ಎಂ.ಎ. ಮಾಡಬೇಕೆಂದಿರುವ ಹುಡುಗಿ ಆ ಎರಡೂ ಕಡೆ ಅದುವರೆಗೆ ಕಾಲಿಟ್ಟಿರಲಿಲ್ಲ.

ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ಪಟ್ಟಿಯೂ ಬೇಕು, ಅದು ಊರಿನದು. ವಸ್ತುವಿನ ಹೆಸರಿನ ಹಾಗೆ ನಮ್ಮ ನೆಲದ ಹೆಸರೂ ಪುಸ್ತಕಗಳಲ್ಲಿ ಒಂದೇ ಆಗಿ ಉಳಿದಿಲ್ಲ. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂದರೆ ಬ್ರಿಟಿಷರ ಕಾಲದ ಮಾಹಿತಿ ಮದರಾಸು ಪ್ರಾಂತ್ಯದ ಪ್ರಕಟಣೆಗಳಲ್ಲಿ 'ಸೌತ್ ಕೆನರಾ' ಎಂಬ ಹೆಸರಿನಡಿ ಇದೆ. ಸ್ಟರಾಕ್ ಬರೆದ ಸೌತ್ ಕೆನರಾ ಜಿಲ್ಲಾ ಕೈಪಿಡಿಯ ಮೊದಲ ಸಂಪುಟ 1894ರಲ್ಲಿ ಬಂದದ್ದು ಹಾಗೆಯೇ. ಕೇರಳಕ್ಕೆ ಸೇರಿದ ಮೇಲೆ 1961ರಿಂದ 1981ರವರೆಗಿನ ಜನಗಣತಿ ವರದಿಗಳಲ್ಲಿ ನಮ್ಮನ್ನು ಕಣ್ಣೂರು ಜಿಲ್ಲೆಯೊಳಗೆ ಹುಡುಕಬೇಕು, ಅದೂ 'ಕ್ಯಾನನೋರ್' ಎಂಬ ಕಾಗುಣಿತದಲ್ಲಿ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ ತಿಂಗಳಲ್ಲಿ. ಹಾಗಾಗಿ ಜನಗಣತಿಯಲ್ಲಿ ಜಿಲ್ಲೆಯಾಗಿ ಸಿಗುವುದು 1991ರಿಂದ. ಡ್ಯೂಯಿ ಸಂಖ್ಯೆಗಳಲ್ಲಿಯೂ ಇದೇ ಅಲೆದಾಟ: ಕೇರಳದ ಚರಿತ್ರೆ 954.83, ಕರ್ನಾಟಕದ್ದು 954.87, ಮದರಾಸಿನದೆಂದು ಗುರುತಿಸಿದ್ದು 954.82. ಒಂದೇ ಊರಿನ ಕತೆಗೆ ಮೂರು ಕಡೆ ನಡೆಯಬೇಕಾದ ಈ ಕಷ್ಟ ಮಂಗಳೂರಿನ ವಿದ್ಯಾರ್ಥಿಗೆ ಇಷ್ಟಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ತಮ್ಮ ಊರಿಗೆ ಚರಿತ್ರೆಯೇ ಇಲ್ಲವೆಂದು ಅವರು ನಂಬಿಬಿಡುತ್ತಾರೆ, ಮತ್ತು ಹಾಗೆ ನಂಬಿದವರನ್ನು ನಾನು ಕಂಡಿದ್ದೇನೆ.

ಗಣಕೀಕೃತ ಸೂಚಿಯಲ್ಲಿ ಕನ್ನಡ ಪುಸ್ತಕಗಳನ್ನು ರೋಮನ್ ಲಿಪಿಯಲ್ಲಿ ನಮೂದಿಸಿರುವ ಕಡೆಗಳಲ್ಲಿ ನಮ್ಮ ಕುಂಬಳೆ ಊರಿನ ಹೆಸರಿಗೇ ಕುಂಬಳೆ, ಕುಂಬ್ಳೆ, ಕುಂಬ್ಲ ಎಂದು ಒಂದೊಂದು ನಮೂದಿಗೆ ಒಂದೊಂದು ರೂಪವಿರುತ್ತದೆ. ಎಲ್ಲವನ್ನೂ ಹಾಕಿ ನೋಡಬೇಕು.

ಗ್ರಂಥಪಾಲಕರನ್ನು ಕೇಳುವುದಕ್ಕೆ ವಿದ್ಯಾರ್ಥಿಗಳಿಗೆ ಏಕೆ ಅಷ್ಟು ಸಂಕೋಚವೋ ನನಗೆ ತಿಳಿಯದು. ಪುಸ್ತಕಕ್ಕೆ ಮುದ್ರೆ ಒತ್ತಿ ಕೊಡುವುದಷ್ಟೇ ಅವರ ಕೆಲಸವೆಂದು ಹಲವರು ತಿಳಿದಿದ್ದಾರೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು, ಆಗ ಕಾಸರಗೋಡೂ ಅದೇ ಜಿಲ್ಲೆ. ಮುಂದೆ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆನ್ನುತ್ತದೆ. ನಮ್ಮ ಗ್ರಂಥಪಾಲಕರು ಆ ಹುಡುಗಿಯ ಪಟ್ಟಿಯನ್ನು ಒಮ್ಮೆ ಓದಿ, ಭಾರತದ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳನ್ನು ಕೂಡಿಟ್ಟಿರುವ ಜಾಲತಾಣ ಶೋಧಗಂಗಾದಲ್ಲಿರುವ ಪಿಎಚ್.ಡಿ. ಪ್ರಬಂಧಗಳನ್ನು ಹುಡುಕುವ ಬಗೆಯನ್ನು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟರು. ಪ್ರಬಂಧವೊಂದು ಸಿಕ್ಕರೆ ಮೊದಲು ಅದರ ಕೊನೆಯ ಗ್ರಂಥಋಣದ ಪುಟಗಳನ್ನು ಓದಬೇಕೆಂದು ನಾನು ಸೇರಿಸಿದೆ, ಏಕೆಂದರೆ ವರ್ಷಗಟ್ಟಲೆ ಹುಡುಕಿದ ಒಬ್ಬರ ಹೆಸರುಪಟ್ಟಿ ಅಲ್ಲಿ ಸಿದ್ಧವಾಗಿರುತ್ತದೆ. ನಮ್ಮ ಹಳೆಯ ಕನ್ನಡ ಪುಸ್ತಕಗಳಲ್ಲಿ ಪದಸೂಚಿ ಅಪರೂಪ; ಪರಿವಿಡಿಯನ್ನೂ ಅಡಿಟಿಪ್ಪಣಿಗಳನ್ನೂ ಕಣ್ಣಿಟ್ಟು ಓದದೆ ಅಲ್ಲಿ ಬೇರೆ ದಾರಿಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಕ್ಕಳು ಬೇಕಾದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಾರೆ, ತಿಂಗಳ ನಂತರ ಅದು ಯಾವ ಪುಸ್ತಕದ್ದೆಂದು ತಿಳಿಯುವುದಿಲ್ಲ. ಎಂ.ಫಿಲ್. ಮಾಡುವಾಗ ಪುಟಸಂಖ್ಯೆಯಿಲ್ಲದೆ ನಕಲು ಮಾಡಿಕೊಂಡಿದ್ದ ಒಂದೇ ಒಂದು ವಾಕ್ಯಕ್ಕಾಗಿ ನಾನು ಎರಡು ವಾರ ಕಳೆದಿದ್ದೇನೆ, ಕೊನೆಗೆ ಆ ವಾಕ್ಯವನ್ನು ಬಿಡಬೇಕಾಯಿತು. ಆದ್ದರಿಂದ ಮೊದಲ ಫೋಟೋ ಶೀರ್ಷಿಕೆಪುಟದ್ದು, ಎರಡನೆಯದು ಮುದ್ರಣದ ವರ್ಷ ಮತ್ತು ಪ್ರಕಾಶಕರ ಹೆಸರಿರುವ ಅದರ ಹಿಂಬದಿಯದು, ಒಳಪುಟ ಆಮೇಲೆ.

ಹದಿನೈದು ದಿನ ಕಳೆದು ಆ ಹುಡುಗಿ ಮತ್ತೆ ಬಂದಳು. ಅವಳ ಪಟ್ಟಿ ಎರಡು ಹಾಳೆಯಾಗಿತ್ತು. ಸುರಂಗ ಕೊರೆಯುವ ಹಿರಿಯರೊಬ್ಬರನ್ನು ಕೇಳಿ ತುಳುವಿನ ಮಾತುಗಳನ್ನೂ ಸೇರಿಸಿದ್ದಳು. ಸೌತ್ ಕೆನರಾ ಕೈಪಿಡಿ ನಮ್ಮಲ್ಲಿ ಇಲ್ಲವಾದ್ದರಿಂದ ಮಂಗಳೂರಿನ ಗ್ರಂಥಾಲಯವೊಂದಕ್ಕೆ ಪರಿಚಯಪತ್ರ ಬೇಕೆಂದಳು. ನೋಡಬೇಕಾದ ಸಂಪುಟ, ಮುದ್ರಣದ ವರ್ಷ, ಯಾವ ಅಧ್ಯಾಯಕ್ಕಾಗಿ ಎಂಬುದೆಲ್ಲವನ್ನೂ ಅವಳೇ ಬರೆದು ತಂದಿದ್ದಳು. ನಾನು ಓದಿ ಸಹಿ ಹಾಕಿದೆ.